ಬುಟ್ಟಿಯ ತಳದ ರೊಟ್ಟಿ

ಮೊನ್ನೆ ಅಮಾವಾಸ್ಯೆಗೆ ರಜೆ ಹಾಕಿ, ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಶಲವಡಿಯಿಂದ ಒಳಗೆ, ಎರೆ ಹೊಲಗಳ ನಡುವೆ ಇರುವ ಸಣ್ಣ ಊರು, ನನ್ನ ಗಂಡನ ಮನೆ. ಮಧ್ಯಾಹ್ನದ ಊಟಕ್ಕೆ ಮೊದಲ ಸಾಲಿನಲ್ಲಿ, ಗಂಡಸರ ಪಕ್ಕ, ನನಗೂ ನನ್ನ ಮಗಳಿಗೂ ಮಣೆ ಹಾಕಿದ್ದರು. ಮೈದುನನ ಹೆಂಡತಿ ಸುವರ್ಣಾ ಬಗ್ಗಿ ತಟ್ಟೆಗೆ ರೊಟ್ಟಿ ಹಾಕುವಾಗ ಅವಳ ಕೈಯಿಂದ ಒಂದು ವಾಸನೆ ಬಂತು. ಶೇಂಗಾದ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುತ್ತದಲ್ಲ, ಆ ಹಿಂಡಿಯ ವಾಸನೆ. ಎಮ್ಮೆಗೆ ಹಿಂಡಿ ಇಡುವ ಕೈಗೆ ಆ ವಾಸನೆ ಇರುವುದರಲ್ಲಿ ಏನು ದೊಡ್ಡದು ಎಂದು ನೀವು ಕೇಳಬಹುದು. ಆದರೆ ಅದರ ಜೊತೆ ಬೆಳ್ಳುಳ್ಳಿಯ ವಾಸನೆಯೂ ಇತ್ತು. ಎಮ್ಮೆ ಬೆಳ್ಳುಳ್ಳಿ ತಿನ್ನುವುದಿಲ್ಲ.

ತುತ್ತು ಕೈಯಲ್ಲೇ ಉಳಿಯಿತು. ನನ್ನ ಮಗಳು ಅಕ್ಷತಾ ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾಳೆ. ಅವಳಿನ್ನೂ ನನ್ನ ಸೊಂಟದ ಮೇಲಿದ್ದ ಆ ವರ್ಷ ನೆನಪಾಯಿತು.

ಆಗ ನಮ್ಮ ಮನೆಯಲ್ಲಿ ಊಟಕ್ಕೆ ಮೂರು ಸಾಲು. ಮೊದಲು ಗಂಡಸರು. ಆಮೇಲೆ ಅತ್ತೆ ಪಾರ್ವತೆವ್ವ ಮತ್ತು ಬಂದುಹೋಗುವ ಹೆಣ್ಣುಮಕ್ಕಳು. ಕೊನೆಗೆ ಸೊಸೆ, ಅಂದರೆ ನಾನೊಬ್ಬಳೇ ಒಂದು ಸಾಲು. ಉಣ್ಣುವವರು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವ ಮೊದಲು, ಒಳಗೆ ಅದಾವೇನು ಎಂದು ಕೇಳುವುದು ಗಂಡಸಿನ ಮರ್ಯಾದೆ. ಅದಾವ್ರಿ, ಉಣ್ರಿ ಎನ್ನುವುದು ಬಡಿಸುವವಳ ಮರ್ಯಾದೆ. ಬುಟ್ಟಿ ಬರಿದಾಗಿದ್ದರೂ ಹಾಗೇ ಹೇಳಬೇಕು. ನನ್ನ ಗಂಡ ಶೇಖಪ್ಪ ಒಂದು ದಿನವೂ ತಪ್ಪಿಸದೆ ಕೇಳುತ್ತಿದ್ದ, ನಾನೂ ತಪ್ಪಿಸದೆ ಹೇಳುತ್ತಿದ್ದೆ, ಅವನು ನಂಬಿ ಉಣ್ಣುತ್ತಿದ್ದ. ಎದ್ದು ಬುಟ್ಟಿಯೊಳಗೆ ಇಣುಕಿ ನೋಡುವುದು ಯಾವ ಮರ್ಯಾದೆಯಲ್ಲೂ ಬರೆದಿರಲಿಲ್ಲ.

ನನಗೆ ಉಳಿಯುವುದು ಬುಟ್ಟಿಯ ತಳದ ರೊಟ್ಟಿ. ಬೆಳಿಗ್ಗೆ ಮೊದಲು ಬಡಿದದ್ದು, ಆರಿ ಹಪ್ಪಳವಾದದ್ದು, ಅಂಚು ಮುರಿದದ್ದು. ಪಲ್ಯದ ಬೋಗುಣಿಯನ್ನು ಅದರಿಂದಲೇ ಒರೆಸಿ ತಿನ್ನುತ್ತಿದ್ದೆ. ಜೋಳ ತಿಂದವ ತೋಳ ಎಂದು ಗಾದೆ ಹೇಳುತ್ತಾರೆ. ತಿಂದವಳ ಬಗ್ಗೆ ಗಾದೆ ಬಾಯಿ ಬಿಡುವುದಿಲ್ಲ.

ಮುಂಗಾರಿನ ಹೆಸರುಕಾಳು ಬಿತ್ತಿ ಮುಗಿದಿತ್ತು. ಮೈದುನ ಮಂಜು ಪೊಲೀಸ್ ಕಾನ್ಸ್‌ಟೇಬಲ್ ಕೆಲಸಕ್ಕೆ ಅರ್ಜಿ ಹಾಕಲು ಅಣ್ಣಿಗೇರಿಯ ಕಂಪ್ಯೂಟರ್ ಅಂಗಡಿಗೆ ಹೊರಟ. ನಾನೂ ಕೂಸಿನ ಔಷಧಕ್ಕೆಂದು ಜೊತೆಗೆ ಹೋಗಿ ನನ್ನದೂ ಒಂದು ಅರ್ಜಿ ಹಾಕಿ ಬಂದೆ. ಪಿಯುಸಿ ಪಾಸಾಗಿತ್ತು, ವಯಸ್ಸಿನ ಮಿತಿಗೆ ಅದೇ ಕೊನೆಯ ಸಲ. ಮನೆಯಲ್ಲಿ ಗೊತ್ತಾದಾಗ ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಲು ಅದು ಆಗುವ ಮಾತು ಎಂದು ಅನ್ನಿಸಬೇಕಲ್ಲ. ಬರೆಯುವ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದ ಮೇಲೆ ಮಾತ್ರ ಅತ್ತೆಯ ನಗು ಸ್ವಲ್ಪ ಸಣ್ಣದಾಯಿತು.

ಮುಂದಿನದು ಮೈಕಟ್ಟಿನ ಪರೀಕ್ಷೆ. ಓಟ, ಜಿಗಿತ, ಗುಂಡು ಎಸೆತ. ಅದಕ್ಕೂ ಮೊದಲು ತೂಕ. ಹೆಂಗಸರ ತೂಕ ಇಷ್ಟಕ್ಕಿಂತ ಕಡಿಮೆ ಇದ್ದರೆ ಓಡುವ ಮೊದಲೇ ಮನೆಗೆ ಕಳಿಸುತ್ತಾರೆ. ಸಂತೆಯ ದಿನ ಕಾಳು ಅಂಗಡಿಯಲ್ಲಿ, ಹೆಸರಿನ ಚೀಲ ಇಳಿಸಿದ ತಕ್ಕಡಿಯ ಮೇಲೆ ನಾನು ಹತ್ತಿ ನಿಂತೆ. ಚೀಲ ನನಗಿಂತ ಭಾರ ಇತ್ತು. ಪೇಟೆಯ ಹೆಂಗಸರು ತೂಕ ಇಳಿಸಲು ಓಡುತ್ತಾರೆ. ನಾನು ಓಡಲೂ ಬೇಕಿತ್ತು, ಓಡಿ ತೂಕ ಏರಿಸಲೂ ಬೇಕಿತ್ತು, ಅದೂ ಬುಟ್ಟಿಯ ತಳದಲ್ಲಿ ಉಳಿದದ್ದನ್ನು ತಿಂದು. ಆಗದ ಮಾತು ಎಂದು ಬಿಟ್ಟೇಬಿಡುತ್ತಿದ್ದೆನೋ ಏನೋ.

ಬಿಡಗೊಡದಿದ್ದದ್ದು ಒಂದು ಮಧ್ಯಾಹ್ನ. ಅಕ್ಷತಾ ಅಲ್ಲಿಯವರೆಗೆ ಅಪ್ಪನ ತೊಡೆಯ ಮೇಲೆ ಕೂತು ಮೊದಲ ಸಾಲಿನಲ್ಲಿ ಉಣ್ಣುತ್ತಿದ್ದಳು. ಅವತ್ತು ಅತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. “ಹೆಣ್ಣ ಕೂಸು, ಈಗಿಂದನ ರೂಢಿ ಆಗ್ಲಿ. ಅವ್ವನ ಸಂಗಾಟ ಹಿಂದಿಂದ ಉಣ್ಣತೈತಿ,” ಅಂದಳು. ಸಿಟ್ಟಿನಿಂದಲ್ಲ, ಹಾಲು ಬಿಡಿಸುವ ಹೊತ್ತು ಬಂತು ಎನ್ನುವಷ್ಟು ಸಹಜವಾಗಿ. ನನ್ನ ಗಂಡ ತಟ್ಟೆ ನೋಡುತ್ತ ಉಂಡ. ಎರಡು ಸಾಲು ಮುಗಿದು ನಾನು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ನನ್ನ ಮಗಳು ಅಡಿಗೆಮನೆಯ ಹೊಸ್ತಿಲ ಮೇಲೆ ಖಾಲಿ ಬಟ್ಟಲು ಹಿಡಿದುಕೊಂಡೇ ಮಲಗಿಬಿಟ್ಟಿದ್ದಳು. ಎಬ್ಬಿಸಿದರೆ ಏಳಲಿಲ್ಲ. ನಾನು ಕೊನೆಯಲ್ಲಿ ಉಂಡದ್ದಕ್ಕೆ ಒಂದು ದಿನವೂ ಅತ್ತಿರಲಿಲ್ಲ. ಅವತ್ತು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಈ ಮನೆಯ ಮೊದಲ ಸಾಲಿನಲ್ಲಿ ನನ್ನ ಮಗಳನ್ನು ಕೂರಿಸಬೇಕು, ಅದಕ್ಕೆ ನನ್ನ ಮೈಮೇಲೆ ಖಾಕಿ ಬೇಕು ಎನ್ನುವುದು ಆಗ ಗಟ್ಟಿಯಾಯಿತು.

ಮಂಜುವಿನ ತಯಾರಿ ಮನೆಯ ತಯಾರಿಯೇ ಆಗಿತ್ತು. ಎಮ್ಮೆಯ ಹಾಲೆಲ್ಲ ಅವನಿಗೆ, ಬೆಣ್ಣೆ ಅವನಿಗೆ, ನೆನೆಸಿದ ಬಾದಾಮಿ ಅವನಿಗೆ. ಹುಬ್ಬಳ್ಳಿಯಿಂದ ದೊಡ್ಡ ಡಬ್ಬಿಯಲ್ಲಿ ಅದೇನೋ ಪುಡಿ ತಂದಿದ್ದ. ಅದರ ಮೇಲೆ ಅಂಗಿ ಇಲ್ಲದ ಪೈಲ್ವಾನನ ಚಿತ್ರ. ಹೊಸ ಬೂಟು ಹಾಕಿಕೊಂಡು, ಮೋಡ ಇಲ್ಲದ ದಿನ, ಎದ್ದ ಮೇಲೆ, ಮನಸ್ಸಾದರೆ ಓಡುತ್ತಿದ್ದ. ಓಡಿ ಬಂದವನ ಕಾಲಿಗೆ ಅತ್ತೆ ಎಣ್ಣೆ ತಿಕ್ಕುತ್ತಿದ್ದಳು.

ಅವನ ಮೊಬೈಲಿನ ವಿಡಿಯೋದಲ್ಲೇ ಒಮ್ಮೆ ಒಬ್ಬಳು ಮಾತಾಡುವುದನ್ನು ಕೇಳಿದೆ. ದೊಡ್ಡ ಊರಿನ ಹೆಂಗಸು, ಎರಡು ಮಕ್ಕಳ ತಾಯಿಯಂತೆ. ಪುರುಸೊತ್ತಿಲ್ಲದ ತಾಯಂದಿರು ಮೈಕಟ್ಟು ಕಾಪಾಡಿಕೊಂಡು ಭೂಮಿಯನ್ನೂ ಕಾಪಾಡಬಹುದು ಎಂದು ನಗುನಗುತ್ತ ಹೇಳುತ್ತಿದ್ದಳು. ಸುತ್ತಮುತ್ತ ಬೆಳೆದದ್ದನ್ನೇ ತಿನ್ನಿ, ಋತುವಿಗೆ ತಕ್ಕಂತೆ ತಿನ್ನಿ, ಒಂದು ಅಗುಳೂ ಚೆಲ್ಲಬೇಡಿ. ತಾಯೀ, ನಾನು ಮದುವೆಯಾದಂದಿನಿಂದ ಅದನ್ನೇ ಮಾಡುತ್ತಿದ್ದೇನೆ, ಭೂಮಿ ಚೆನ್ನಾಗಿದೆ, ನಾನೇ ಚೀಲಕ್ಕಿಂತ ಹಗುರಾಗಿದ್ದೇನೆ ಎಂದು ಅವಳಿಗೆ ಹೇಳಬೇಕೆನಿಸಿತು. ಆದರೂ ಅವಳು ಹೇಳಿದ ಒಂದು ಮಾತು ತಲೆಯಲ್ಲಿ ಉಳಿಯಿತು. ಮೈಗೆ ಕಸುವು ಬರುವುದು ಕಾಳಿನಿಂದ, ಸೊಪ್ಪಿನಿಂದ, ಶೇಂಗಾದಿಂದ. ಅವೆಲ್ಲ ಮನೆಯ ಬುಟ್ಟಿಯಲ್ಲಿ ನನಗಿರಲಿಲ್ಲ. ಮನೆಯ ಹೊರಗೆ ಇದ್ದವು.

ನಮ್ಮ ಕಡೆ ಪೀಕು ಕಿತ್ತ ಮೇಲೆ ಹೊಲದಲ್ಲಿ ಬಿದ್ದ ಕಾಳು ಆರಿಸಿಕೊಂಡವರದು. ಹಕ್ಕಲು ಆರಿಸುವುದು ಎನ್ನುತ್ತೇವೆ. ಹೊಲ ಯಾರದೇ ಇರಲಿ, ಬೇಡ ಎನ್ನುವವರಿಲ್ಲ. ಮನೆಯ ಗಡಿಗೆಗೆ ಹಾಕಿದರೆ ಅತ್ತೆಯದಾಗುತ್ತಿತ್ತು, ಅದಕ್ಕೆ ನಾನು ಸೆರಗಿನಿಂದ ಗಡಿಗೆಗೆ ಹಾಕಲಿಲ್ಲ. ಆರಿಸಿದ ಹೆಸರನ್ನು ಒದ್ದೆ ಅರಿವೆಯಲ್ಲಿ ಕಟ್ಟಿ ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಮೊಳಕೆ ಬಂದರೆ ಮುಷ್ಟಿ ನನಗೆ, ಚಿಟಿಕೆ ಮಗಳಿಗೆ. ಚಳಿ ಶುರುವಾದ ಮೇಲೆ ಹೊಲದಲ್ಲಿ ಕಡಲೆಯ ಕುಡಿ, ಬದುವಿನ ಮೇಲೆ ಹಕ್ಕರಕಿ ಸೊಪ್ಪು. ಕಳೆ ತೆಗೆಯುತ್ತ ತೆಗೆಯುತ್ತ ಹಸಿಯದನ್ನೇ ಮೇಯುತ್ತಿದ್ದೆ. ಮೇಯುತ್ತಿದ್ದೆ ಎನ್ನುವುದೇ ಸರಿ.

ಆದರೂ ತಕ್ಕಡಿ ಜಗ್ಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಹಿಂಡಿ. ಗಾಣದಿಂದ ಎಮ್ಮೆಗೆಂದು ತಂದಿಟ್ಟ ಶೇಂಗಾ ಹಿಂಡಿ ಕೊಟ್ಟಿಗೆಯ ಮೂಲೆಯಲ್ಲಿ ಚೀಲ ತುಂಬ ಇತ್ತು. ಎಮ್ಮೆಯ ಹಾಲು ಮಂಜುವಿಗೆ, ಹಿಂಡಿ ಎಮ್ಮೆಗೆ, ಅದನ್ನು ನೆನೆಸಿ ಇಡುವ ಕೈ ನನ್ನದು. ಒಂದು ಚೂರು ಒಣದನ್ನು ಒಡೆದು ಬಾಯಿಗೆ ಹಾಕಿಕೊಂಡೆ. ರುಚಿ ಕೆಟ್ಟದ್ದೇನಲ್ಲ. ಮರುದಿನ ಬೆಳ್ಳುಳ್ಳಿ, ಉಪ್ಪು, ಖಾರ ಹಾಕಿ ಕಲ್ಲಿನಲ್ಲಿ ಕುಟ್ಟಿದೆ. ಬುಟ್ಟಿಯ ತಳದ ರೊಟ್ಟಿಗೆ ಹಚ್ಚಿಕೊಂಡು ಕೊಟ್ಟಿಗೆಯಲ್ಲೇ ನಿಂತು ತಿಂದೆ. ಎಮ್ಮೆ ನನ್ನನ್ನೇ ನೋಡುತ್ತಿತ್ತು. ಆ ಮನೆಯಲ್ಲಿ ನಾನು ಉಣ್ಣುವುದನ್ನು ನೋಡಿದ ಮೊದಲ ಪ್ರಾಣಿ ಅದು.

ಓಡುವುದಕ್ಕೂ ದಾರಿ ಸಿಕ್ಕಿತು. ಊರಲ್ಲಿ ಸೊಸೆ ಸುಮ್ಮನೆ ಓಡಿದರೆ ಹುಚ್ಚು ಹಿಡಿದಿದೆ ಎನ್ನುತ್ತಾರೆ. ಹೊಲದಲ್ಲಿದ್ದವರಿಗೆ ಬುತ್ತಿ ಒಯ್ಯುವ ಕೆಲಸ ನನ್ನದೇ. ತಲೆಯ ಮೇಲೆ ಬುತ್ತಿ, ಬೆನ್ನಿಗೆ ಸೀರೆಯಲ್ಲಿ ಕಟ್ಟಿದ ಮಗಳು, ಕಾಲುವೆಯ ದಂಡೆಯ ಮೇಲೆ ಓಟ. ರೊಟ್ಟಿ ಆರಬಾರದು ಎಂದು ಓಡುತ್ತಾಳೆ, ಎಂಥ ಸೊಸೆ ನೋಡು ಎಂದು ಊರ ಹಿರಿಯರು ಹೊಗಳಿದರು. ಮಳೆ ಬಿದ್ದ ದಿನ ಎರೆ ಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಗುಂಡುಕಲ್ಲಾಗುತ್ತಿತ್ತು. ಅಂಥ ದಿನವೂ ಬಿಡದೆ ಓಡಿದೆ. ಒಡ್ಡು ಜಿಗಿದು ಜಿಗಿತ ಕಲಿತೆ, ರುಬ್ಬುಗುಂಡು ಎಸೆದು ಎಸೆತ ಕಲಿತೆ. ಸಂಕ್ರಮಣದ ಹೊತ್ತಿಗೆ ಕಾಳು ಅಂಗಡಿಯ ತಕ್ಕಡಿ ನನ್ನನ್ನು ಸ್ವಲ್ಪ ಮರ್ಯಾದೆಯಿಂದ ನೋಡತೊಡಗಿತ್ತು.

ಗುಟ್ಟು ಒಡೆದದ್ದು ಮಗಳ ಬಾಯಿಂದ. ಅವತ್ತು ಮನೆಗೆ ಸಂಶಿಯಿಂದ ಬೀಗರು ಬಂದಿದ್ದರು, ಮಂಜುವಿಗೆ ಹೆಣ್ಣು ಕೊಡುವ ಮಾತಿತ್ತು. ಅತ್ತೆ ಅವರಿಗೆ ಎಮ್ಮೆ ತೋರಿಸಲು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಹಾಲು ಯಾಕೋ ಕಡಿಮೆಯಾಗಿದೆ, ಯಾರದೋ ದೃಷ್ಟಿ ತಾಗಿದೆ ಎನ್ನುತ್ತಿದ್ದಳು. ಎಮ್ಮೆ ಬುಟ್ಟಿಗೆ ಬಾಯಿ ಹಾಕಿ ಹಿಂಡಿ ತಿನ್ನುತ್ತಿತ್ತು. ಅಕ್ಷತಾ ಹೋಗಿ ಅದರ ಮೂತಿಗೆ ತನ್ನ ಪುಟ್ಟ ಕೈಯಿಂದ ಹೊಡೆದಳು.

“ಎಲ್ಲಾ ತಿನ್ನಬ್ಯಾಡಲೇ,” ಅಂದಳು, “ಅವ್ವಗ ಬಿಡು.”

ಬೀಗರಿಗೆ ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಯಿತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಆ ಬೈಗುಳ ಅಂದೇ ಮರೆಯುತ್ತಿತ್ತು. ಗಂಡಸರ ಸಾಲು ಕೂತಾಗ, ಬೀಗರೆಲ್ಲ ಇದ್ದಾಗ, ನನ್ನನ್ನು ಹೊರಗೆ ಕರೆದು ನಡುವೆ ಮಣೆ ಹಾಕಿಸಿದಳು. ಮದುವೆಯಾದ ಮೇಲೆ ಮೊದಲ ಸಾಲಿನಲ್ಲಿ ನಾನು ಕೂತದ್ದು ಅದೇ ಮೊದಲು. ಕೊಟ್ಟಿಗೆಯಿಂದ ತಂದ ನೆನೆಸಿದ ಹಿಂಡಿಯ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದಳು. ಮೇಲೊಂದು ಬೆಲ್ಲದ ಚೂರು.

“ಉಣ್ಣವಾ,” ಅಂದಳು. “ಹೊಟ್ಟಿ ತುಂಬ ಉಣ್ಣು. ಸಂಜಿಗೆ ಹಾಲು ಹಿಂಡೂಣು.”

ಬೀಗರು ಮೊದಲು ನಕ್ಕರು. ಮಂಜು ತೊಡೆ ತಟ್ಟಿಕೊಂಡು ನಕ್ಕ. ನನ್ನ ಗಂಡನೂ ನಕ್ಕ. ದೊಡ್ಡ ನಗುವಲ್ಲ, ನಾಲ್ಕು ಜನ ನಗುವಾಗ ತಾನೊಬ್ಬ ಬಿಗಿದುಕೊಂಡು ಕೂತರೆ ಚೆನ್ನಾಗಿರುವುದಿಲ್ಲ ಎನ್ನುವಂಥ ಸಣ್ಣ ನಗು. ಉಳಿದವರ ನಗು ಮರೆತಿದ್ದೇನೆ. ಆ ಸಣ್ಣದು ಮಾತ್ರ ಇನ್ನೂ ಕಿವಿಯಲ್ಲಿದೆ.

ನಾನು ಉಂಡೆ. ಮುದ್ದೆಯನ್ನು ಮುರಿದು ಮುರಿದು, ಒಬ್ಬೊಬ್ಬರ ಮುಖ ನೋಡುತ್ತ, ಪೂರ್ತಿ ಉಂಡೆ. ತಟ್ಟೆ ನೆಕ್ಕಿ, ಇನ್ನೂ ಇದ್ದರೆ ತಾರ್ರಿ ಎಂದು ಅತ್ತೆಯ ಮುಂದೆ ಹಿಡಿದೆ. ನಗು ನಿಂತಿತು. ಹೊರಗೆ ಹೋಗಿ ವಾಂತಿ ಬರುತ್ತದೋ ಎಂದು ನೋಡಿದೆ, ಬರಲಿಲ್ಲ. ಬಂದರೆ ತೂಕ ಇಳಿಯುತ್ತದೆ ಎನ್ನುವ ಯೋಚನೆಯೇ ನನಗಿದ್ದದ್ದು.

ಅವತ್ತಿನಿಂದ ಊರಿಗೆ ನಾನು ಎಮ್ಮೆಯಾದೆ. ಬುತ್ತಿ ಹೊತ್ತು ಓಡುವಾಗ ಹುಡುಗರು ಹಿಂದಿನಿಂದ ಹೋ ಹೋ ಎಂದು ದನ ಅಟ್ಟುವ ಹಾಗೆ ಕೂಗುತ್ತಿದ್ದರು. ಹೊಗಳಿದ ಹಿರಿಯರೂ ಕಟ್ಟೆಯ ಮೇಲೆ ಕೂತು ಮೀಸೆಯಲ್ಲಿ ನಗುತ್ತಿದ್ದರು. ಅದರಿಂದ ಒಂದು ಉಪಕಾರವಾಯಿತು, ನಾನು ಇನ್ನೂ ಜೋರಾಗಿ ಓಡಿದೆ.

ಪರೀಕ್ಷೆಗೆ ಕರೆ ಬಂತು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ದಿನ, ಮೊದಲು ಮಂಜುವಿನದು. ಹೊರಡುವ ಬೆಳಿಗ್ಗೆ ಅತ್ತೆ ತಾನು ಮಾಡಬಾರದ್ದನ್ನು ಅಗದಿ ಪ್ರೀತಿಯಿಂದ ಮಾಡಿದಳು. ಅಂದಿನ ಹಾಲನ್ನೆಲ್ಲ ಬತ್ತಿಸಿ, ತುಪ್ಪ ಬೆಲ್ಲ ಹಾಕಿ, ದೊಡ್ಡ ತಂಬಿಗೆಯಲ್ಲಿ ತಂದು ದೇವರ ಮುಂದೆ ನಿಲ್ಲಿಸಿ ಕುಡಿಸಿದಳು. ಓಡುವವನ ಹೊಟ್ಟೆ ಹಗುರ ಇರಬೇಕು ಎಂದು ನಾನು ಅಡಿಗೆಮನೆಯಿಂದ ಹೇಳಿದೆ. ನಾನು ಹೊಟ್ಟೆಕಿಚ್ಚಿನಿಂದ ಹೇಳಿದೆ ಎಂದಾಯಿತು. ಬೇಡ ಎಂದರೂ ಬಿಡದೆ ಉಣಿಸುವುದೇ ನಮ್ಮ ಕಡೆ ತಾಯ್ತನ. ಮಂಜು ಮೈದಾನದ ಎರಡನೆಯ ಸುತ್ತಿನಲ್ಲಿ ನಿಂತು, ಬಗ್ಗಿ, ಆ ಹಾಲನ್ನೆಲ್ಲ ಟ್ರ್ಯಾಕಿನ ಸುಣ್ಣದ ಗೆರೆಯ ಮೇಲೆ ಕಕ್ಕಿದನಂತೆ. ಅವನ ಜೊತೆ ಹೋಗಿದ್ದ ನನ್ನ ಗಂಡ ಬಂದು ಹೇಳಿದ. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಸಂತೋಷವಾಯಿತು.

ನನ್ನ ದಿನ ನಾನು ಒಬ್ಬಳೇ ಹೋದೆ. ಮಗಳನ್ನು ಬಿಟ್ಟು ಹೋಗಲು ಯಾರೂ ಕೈ ಚಾಚಲಿಲ್ಲ, ಅವಳನ್ನೂ ಕಟ್ಟಿಕೊಂಡು ಹೋದೆ. ಗೇಟಿನ ಹತ್ತಿರ ಬಾಳೆಹಣ್ಣು ಮಾರುತ್ತಿದ್ದ ಮುದುಕಿಯ ಬಳಿ ಅವಳನ್ನು ಕೂರಿಸಿದೆ. ತೂಕದ ಮುಳ್ಳು ಗೆರೆ ದಾಟಿತು. ಎಷ್ಟು ದಾಟಿತು ಎಂದರೆ ಒಂದು ಚೂರು ಹಿಂಡಿಯಷ್ಟು. ಓಟದಲ್ಲಿ ನನ್ನ ಮುಂದೆ ಇಬ್ಬರೇ ಇದ್ದರು. ತಲೆಯ ಮೇಲೆ ಬುತ್ತಿ ಇಲ್ಲದೆ, ಬೆನ್ನ ಮೇಲೆ ಕೂಸು ಇಲ್ಲದೆ, ಕಾಲಿಗೆ ಎರೆ ಮಣ್ಣು ಇಲ್ಲದೆ ಓಡುವುದು ಅಷ್ಟು ಸುಲಭ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಆಯ್ಕೆಯಾದ ಸುದ್ದಿ ಬಂದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮನೆಯ ಗಂಡಸಿನ ಪಾಲಿನ ಅನ್ನವನ್ನು ಎಮ್ಮೆ ಮೇಯ್ದುಬಿಟ್ಟಿತು ಎಂದು ಅತ್ತೆ ಅಂಗಳದಲ್ಲಿ ಕೂತು ಅತ್ತಳು. ಮಂಜು ಮುಸುಕು ಹಾಕಿ ಮಲಗಿದ. ಯಾರೂ ಉಣ್ಣುವುದಿಲ್ಲ ಎಂದರು. ಹಸಿವಾದ ಮೇಲೆ ಎಲ್ಲರೂ ಒಲೆಯ ಕಡೆ ನೋಡಿದರು, ಒಲೆ ಹಚ್ಚಬೇಕಾದವಳು ನಾನೇ. ಹಚ್ಚಿದೆ, ರೊಟ್ಟಿ ಬಡಿದೆ, ಸಾಲು ಸಾಲಾಗಿ ಬಡಿಸಿದೆ. ಒಳಗ ಅದಾವೇನು ಎಂದು ನನ್ನ ಗಂಡ ಕೇಳಿದ.

ಸಂಬಳ ಬರತೊಡಗಿದ ಮೇಲೆ ನನ್ನ ಮಣೆ ತಾನಾಗಿಯೇ ಮೊದಲ ಸಾಲಿಗೆ ಬಂತು. ಯಾರೂ ಕ್ಷಮೆ ಕೇಳಲಿಲ್ಲ, ಯಾಕೆ ಎಂದು ನಾನೂ ಕೇಳಲಿಲ್ಲ. ಈಗ ಕಲಘಟಗಿ ಕಡೆ ನನ್ನ ಕೆಲಸ, ಮಗಳ ಶಾಲೆ ಅಲ್ಲೇ. ಊರಿಗೆ ಹೋದಾಗ ಅತ್ತೆ ಓಣಿಯವರ ಮುಂದೆ, ನಾನ ಹಾಲು ತುಪ್ಪ ಹಾಕಿ ಇಕಿನ್ನ ಪೊಲೀಸ್ ಮಾಡೀನಿ ಎನ್ನುತ್ತಾಳೆ. ಕೇಳಿದ ಹೆಂಗಸರು ಹೌದ್ರಿ ಎನ್ನುತ್ತಾರೆ. ಅವರೆಲ್ಲರೂ ನನ್ನನ್ನು ಎಮ್ಮೆ ಎಂದವರೇ.

ಮೊನ್ನೆಯ ಊಟಕ್ಕೆ ಬರುತ್ತೇನೆ. ಅಕ್ಷತಾ ಈಗ ಶಾಲೆಯ ಓಟಗಾರ್ತಿ, ತಾಲೂಕಿಗೆ ಆಯ್ಕೆಯಾಗಿದ್ದಾಳೆ. ಅತ್ತೆ ಅವಳ ಮುಂದೆ ತುಂಬಿದ ಹಾಲಿನ ಲೋಟ ಇಟ್ಟಿದ್ದಳು, ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಇಟ್ಟಿದ್ದಳು. ಓಡುವ ಕೂಸು, ಕಸುವು ಬೇಕು ಎನ್ನುತ್ತಿದ್ದಳು. ಅಡಿಗೆಮನೆಯ ಹೊಸ್ತಿಲ ಮೇಲೆ ಸುವರ್ಣಾಳ ಸಣ್ಣ ಮಗಳು ಖಾಲಿ ಬಟ್ಟಲು ಹಿಡಿದು ಕೂತಿದ್ದಳು. ಆ ಕೂಸಿನ ಕಣ್ಣು ಎಳೆಯುತ್ತಿತ್ತು. ನಾನು ನೋಡಿದೆ. ಸುವರ್ಣಾಳ ಕೈಯ ವಾಸನೆ ಮೂಗಿಗೆ ಬಂದದ್ದು ಆಗಲೇ.

“ಎಮ್ಮಿ ಹಾಲು ಮತ್ತ ಕಡಿಮಿ ಆಗೇತಿ,” ಎಂದು ಅತ್ತೆ ನನ್ನ ಕಡೆ ಓರೆಯಾಗಿ ನೋಡಿದಳು. “ಯಾರರ ಹಿಂಡಿ ಕದ್ದು ತಿನ್ನಾಕ ಹತ್ಯಾರೇನೋ.”

ಎಲ್ಲರೂ ನಕ್ಕರು. ಹಳೆಯ ತಮಾಷೆ ಅದು, ಈಗ ಮನೆಯ ಆಸ್ತಿ. ನಾನೂ ನಗಬೇಕು, ನಗುತ್ತೇನೆ. ಸುವರ್ಣಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ನನ್ನ ಮಗಳು ಹಾಲಿನ ಮೀಸೆ ಒರೆಸಿಕೊಂಡಳು. “ಅವ್ವಾ, ನೀ ಪೊಲೀಸ್ ಅದೀಯಲ್ಲ, ಕಳ್ಳರ್ನ ಹಿಡಿ,” ಅಂದಳು. ಆಮೇಲೆ ತಲೆ ಎತ್ತದೆ ಸುವರ್ಣಾಳಿಗೆ, “ಕಾಕಿ, ಇನ್ನೊಂದ ಬಿಸಿ ರೊಟ್ಟಿ ತಾ. ಇದು ಆರೇತಿ.”

ಆರಿದ ರೊಟ್ಟಿಯನ್ನು ಅವಳು ತಟ್ಟೆಯ ಬದಿಗೆ ಸರಿಸಿದಳು. ನನಗೆ ಸಿಟ್ಟು ಬಂತು. ಮಗಳ ಮೇಲಲ್ಲ, ಅತ್ತೆಯ ಮೇಲೂ ಅಲ್ಲ. ಸುವರ್ಣಾಳ ಮೇಲೆ. ಕೈ ಸರಿಯಾಗಿ ತೊಳೆದುಕೊಂಡು ಬರಬಾರದಿತ್ತೇ ಇವಳು, ನನಗೆ ಯಾಕೆ ಗೊತ್ತುಮಾಡಿದಳು ಎಂದು.

ಅವಳು ನನ್ನ ಮಗಳಿಗೆ ಬಿಸಿಯದನ್ನು ಹಾಕಿ, ನನ್ನ ತಟ್ಟೆಯ ಮೇಲೂ ಒಂದು ಹಿಡಿದು ನಿಂತಳು. ನಮ್ಮಿಬ್ಬರ ಕಣ್ಣು ಕೂಡಿದವು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು.

“ಒಳಗ ಅದಾವೇನು?” ಎಂದು ಕೇಳಿದೆ.

“ಅದಾವ್ರಿ ಅಕ್ಕಾರ,” ಅಂದಳು ಸುವರ್ಣಾ. “ಉಣ್ರಿ.”

ನಾನು ಎದ್ದು ಬುಟ್ಟಿಯೊಳಗೆ ಇಣುಕಲಿಲ್ಲ. ರೊಟ್ಟಿ ಬಿಸಿ ಇತ್ತು, ಉಂಡೆ.